ಕಾವಲುಗಾರನಿಗೆ ರಜೆ

ನನ್ನ ಗಂಡ ಈಜುಕೊಳದ ಕಾವಲುಗಾರ. ಮುಳುಗುವವರನ್ನು ಎಳೆದು ದಡಕ್ಕೆ ಹಾಕುವುದು ಅವರ ಕೆಲಸ. ಒಳ್ಳೆಯ ಕೆಲಸವೇ. ತೊಂದರೆ ಏನೆಂದರೆ, ಮನೆಗೆ ಬಂದರೂ ಅವರು ಕೊಳದ ದಡದಲ್ಲಿರುವ ಆ ಎತ್ತರದ ಕಾವಲು ಕುರ್ಚಿಯಿಂದ ಇಳಿಯುವುದಿಲ್ಲ. ಒರೆಸಿದ ನೆಲದ ಮೇಲೆ ನಾನು ಕಾಲಿಟ್ಟರೆ ಸಾಕು, "ಓಡ್ಬೇಡ, ಜಾರತ್ತೆ!" ಎಂಬ ಕೂಗು. ಸ್ನಾನಕ್ಕೆ ಹೋದವಳು ಕೊಂಚ ತಡ ಮಾಡಿದರೆ ಬಾಗಿಲು ದಬದಬ. ನೆಂಟರ ಮನೆಯಲ್ಲೂ ಮಾತಿಲ್ಲ ಕತೆಯಿಲ್ಲ, ಮೈಯೆಲ್ಲ ಕಣ್ಣಾಗಿ ಮೂಲೆಯಲ್ಲಿ ನಿಂತಿರುತ್ತಾರೆ.

ಈ ಬೇಸಿಗೆಯಲ್ಲಿ ನಾನು ಹೆಂಗಸರ ತರಗತಿಗೆ ಸೇರಿ ಈಜು ಕಲಿತೆ. ಆರೋಗ್ಯಕ್ಕಲ್ಲ, ಮೈ ಇಳಿಸುವುದಕ್ಕೂ ಅಲ್ಲ. ಒಂದು ಸಲ, ಒಂದೇ ಒಂದು ಸಲ, ಗಂಡನ ಜೊತೆ ನೀರಿನಲ್ಲಿ ಆಡಬೇಕೆಂಬ ಆಸೆ. ಕೆಲಸಕ್ಕೆ ಸೇರಿದ ಮೇಲೆ ಅವರು ಯಾರಾದರೂ ಮುಳುಗದ ಹೊರತು ನೀರಿಗೆ ಇಳಿದವರೇ ಅಲ್ಲ.

ಅವರ ವಾರದ ರಜೆಯ ದಿನ ಇಬ್ಬರಿಗೂ ಟಿಕೆಟ್ ತೆಗೆದು, ಅವರು ಕೆಲಸ ಮಾಡುವ ಕೊಳಕ್ಕೇ ಕರೆದುಕೊಂಡು ಹೋದೆ. ನಾನು ನೀರಿಗಿಳಿದೆ. ಈ ಮಹಾರಾಯರು ದಡದಲ್ಲೇ ಕೈ ಕಟ್ಟಿ ನಿಂತರು! ಎಷ್ಟು ಕರೆದರೂ "ನೀನು ಈಜು, ನಾನು ನೋಡ್ಕೋತೀನಿ" ಎಂಬ ಉತ್ತರ. ಮನೆಗೆ ಮಾರಿ, ಊರಿಗೆ ಉಪಕಾರಿ. ನನಗೆ ಪಿತ್ತ ನೆತ್ತಿಗೇರಿತು.

ಆ ದಿನ ಕುರ್ಚಿಯಲ್ಲಿದ್ದವಳು ಅವರ ಜೊತೆಯಲ್ಲೇ ಕೆಲಸ ಮಾಡುವ ಗಟ್ಟಿ ಹೆಂಗಸು. ಸೀಟಿ ಊದಿದಳು.

"ಅಣ್ಣಾ, ಇವತ್ತು ಡ್ಯೂಟಿ ನಂದು. ನೀವು ಬರೀ ಗಿರಾಕಿ. ನೀರಿಗಾದ್ರೂ ಇಳೀರಿ, ಇಲ್ಲ ಅತ್ತಿಗೇನ ಕರ್ಕೊಂಡು ಮನೆಗಾದ್ರೂ ಹೋಗಿ. ಅಲ್ಲಿ ನಿಂತ್ಕೊಂಡ್ರೆ ನಾನ್ಯಾಕೆ ಇಲ್ಲಿ?"

ಇಳಿದರು. ಇಳಿದು ಮಾಡಿದ್ದೇನು? ಸೀದಾ ನನ್ನ ಬೆನ್ನ ಹಿಂದೆ ಬಂದು, ಗದ್ದದ ಕೆಳಗೆ ಕೈ ಹಾಕಿ, ದಡದ ಕಡೆ ಎಳೆಯತೊಡಗಿದರು.

"ಬಿಡ್ರೀ! ನಾನೇನು ಮುಳುಗ್ತಿದೀನಾ?"

ಬಿಟ್ಟರು. ಮುಖ ಸಪ್ಪಗಾಯಿತು. "ನೀರಲ್ಲಿ ಯಾರನ್ನಾದ್ರೂ ಬೇರೆ ಥರ ಹಿಡ್ಕೊಳ್ಳೋದು ನಂಗೆ ಮರ್ತೇ ಹೋಗಿದೆ ಕಣೇ" ಎಂದರು.

ನಕ್ಕುಬಿಡೋಣವೆಂದುಕೊಂಡೆ, ಆಗಲಿಲ್ಲ. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಪಾಪ ಅನ್ನಿಸಿತು.

"ಸರಿ, ಅಂಗಾತ ಮಲಗಿ. ನಾನು ಹಿಡ್ಕೋತೀನಿ."

"ನೀನಾ?"

"ಹೂಂ, ನಾನೇ. ಕಣ್ಣು ಮುಚ್ಚಿ."

ಅದೇ ದೊಡ್ಡ ಕಷ್ಟವಾಯಿತು. ಒಂದು ಕಣ್ಣು ಮುಚ್ಚಿದರೆ ಇನ್ನೊಂದು ತೆರೆಯುತ್ತಿತ್ತು. ಆಚೆ ಬದಿಯಲ್ಲಿ ಯಾವುದೋ ಮಗು ಕಿರುಚಿತು. ಇವರ ಮೈಯೆಲ್ಲ ಬಿಗಿದುಕೊಂಡಿತು. "ಆಟಕ್ಕೆ ಕೂಗಿದ್ದು. ನೋಡ್ಕೊಳ್ಳೋಕೆ ಅವ್ಳಿದಾಳೆ" ಎಂದೆ. ಸ್ವಲ್ಪ ಹೊತ್ತಿಗೆ ಭುಜ ಸಡಿಲವಾಯಿತು, ಹುಬ್ಬಿನ ನಡುವಿನ ಗೆರೆ ಮಾಯವಾಯಿತು. ಮದುವೆಯಾದ ಹೊಸದರಲ್ಲಿ ನಾನು ಕದ್ದು ಕದ್ದು ನೋಡುತ್ತಿದ್ದ ಮುಖ ಅದು.

ಬೆನ್ನಿನ ಕೆಳಗಿಂದ ಮೆಲ್ಲಗೆ ಕೈ ತೆಗೆಯಲು ಹೋದೆ.

"ತೆಗೀಬೇಡ" ಎಂದರು, ಕಣ್ಣು ಮುಚ್ಚಿಕೊಂಡೇ.

ನನ್ನ ಅಂಗೈ ಮೇಲೆ ಎಳ್ಳಷ್ಟೂ ಭಾರವಿರಲಿಲ್ಲ. ತೇಲುವುದಕ್ಕೆ ಅವರಿಗೆ ನನ್ನ ಕೈ ಬೇಕಿರಲೇ ಇಲ್ಲ. ಕೊಳ ಮುಚ್ಚುವ ಗಂಟೆ ಬಾರಿಸುವವರೆಗೂ ಹಾಗೆಯೇ ಹಿಡಿದುಕೊಂಡಿದ್ದೆ.