ಟೆರೇಸಿನ ಎರಡು ಕುರ್ಚಿ

ಟೆರೇಸಿನ ಎರಡು ಕುರ್ಚಿಗಳಲ್ಲಿ ಒಂದನ್ನು ತಲೆಯ ಮೇಲೆ ಹೊತ್ತುಕೊಂಡು ಸೊಸೆ ಮೆಟ್ಟಿಲು ಇಳಿಯುತ್ತಿದ್ದಳು. ಅಂತ್ಯಕ್ರಿಯೆಗೆ ಬಂದವರಿಗೆ ಕೆಳಗೆ ಕೂರಲು ಜಾಗ ಸಾಲದಾಗಿತ್ತು. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಒರಗಿಕೊಂಡ ಅತ್ತೆ ಮತ್ತೆ ಏಳಲೇ ಇಲ್ಲ. ಸೊಸೆಗೆ ಇನ್ನೂ ಅಳು ಬಂದಿರಲಿಲ್ಲ. ಕೈಗೆ ಸಿಕ್ಕ ಕೆಲಸವನ್ನೆಲ್ಲ ಮಾಡುತ್ತಿದ್ದಳು.

ಮೆಟ್ಟಿಲ ಬುಡದಲ್ಲಿ ಕನ್ನಡಕದ ಅಂಗಡಿಯವರು ಕೈಯೊಡ್ಡಿದರು. "ಕೊಡಮ್ಮ ಇಲ್ಲಿ. ಇದೇನಾ ನಕ್ಷತ್ರ ನೋಡೋ ಕುರ್ಚಿ?"

"ಹೂಂ. ದಿನಾ ಸಂಜೆ ನಂಗೆ ಪಾಠ."

"ಛಲ ಅಂದ್ರೆ ಅದಮ್ಮ! ಕತ್ತಲಾದ್ರೆ ಏನೂ ಕಾಣ್ತಿರಲಿಲ್ಲ, ಆದ್ರೂ ಬಿಡಲಿಲ್ಲ ನೋಡು."

"ಯಾರಿಗೆ ಕಾಣ್ತಿರಲಿಲ್ಲ?"

ಅವರ ಮುಖ ಇಳಿಯಿತು. "ಮನೇಲಿ ಹೇಳಿದೀನಿ ಅಂದಿದ್ರಲ್ಲ... ಕಣ್ಣಿನ ಡಾಕ್ಟ್ರ ಹತ್ರ ನಾನೇ ಕಳಿಸಿದ್ದು. ಹಗಲು ತೊಂದ್ರೆ ಇಲ್ಲ, ಕತ್ತಲಲ್ಲಿ ಮಾತ್ರ ಇನ್ನು ಕಾಣಲ್ಲ, ಕನ್ನಡಕದಿಂದ್ಲೂ ಆಗಲ್ಲ ಅಂದ್ರಂತೆ. ನೀನು ಈ ಮನೆಗೆ ಬರೋಕೂ ಮುಂಚೆ."

ಸೊಸೆ ಕುರ್ಚಿಯ ಕಾಲು ಬಿಡಲಿಲ್ಲ. ಒಂದೇ ಕುರ್ಚಿಯನ್ನು ಇಬ್ಬರೂ ಹಿಡಿದು ನಿಂತರು.

*

"ಟಾರ್ಚ್ ಬೇಡ, ಕಣ್ಣು ಕತ್ತಲಿಗೆ ಒಗ್ಗಬೇಕು," ಎನ್ನುತ್ತಿದ್ದರು ಅತ್ತೆ. "ಕೈ ಹಿಡ್ಕೋ. ಹೊಸಬಳು ನೀನು, ಬಿದ್ದುಗಿದ್ದೀಯ."

ಕುರ್ಚಿಗೆ ಒರಗಿದ ಮೇಲೆ ಶುರುವಾಗುತ್ತಿತ್ತು. "ಬೇಟೆಗಾರನ ಸೊಂಟದ ಪಟ್ಟಿ ಸಿಕ್ತಾ? ಮೂರು ಚುಕ್ಕಿ, ಸಾಲಾಗಿ. ಹೆಗಲಲ್ಲಿ ಆರ್ದ್ರಾ. ಇವತ್ತು ಎಷ್ಟು ಕೆಂಪು?"

"ಕೆಂಪು ಅಷ್ಟೇ, ಅತ್ತೆ."

"ಅಷ್ಟೇ ಅಂದ್ರೆ? ಕೆಂಡದ ಹಾಗೋ, ಇಟ್ಟಿಗೆ ಹಾಗೋ? ಮಾತಿಗೇನು ಬರಗಾಲವೇ ನಿಂಗೆ?"

ಆಮೇಲೆ ಕೃತ್ತಿಕೆಯ ಗೊಂಚಲು. "ನೇರ ದಿಟ್ಟಿಸಬೇಡ. ಚೂರು ಪಕ್ಕಕ್ಕೆ ನೋಡು, ಮಸುಕಾದ್ದೂ ಕಾಣತ್ತೆ. ಎಷ್ಟು ಎಣಿಸ್ದೆ?" ಆರು ಎಂದರೆ ಮಗುವಿನಂತೆ ಹಿಗ್ಗುತ್ತಿದ್ದರು.

ಒಂದು ಸಂಜೆ ಸೊಸೆ ಸಿಡುಕಿದ್ದಳು. "ಎಷ್ಟು ಸಲ ಪರೀಕ್ಷೆ ಮಾಡ್ತೀರಿ? ನಿಮಗೇ ಕಾಣತ್ತಲ್ಲ!"

"ನಿನ್ನ ಬಾಯಲ್ಲಿ ಕೇಳೋಕೆ ಚೆಂದ ಕಣೇ," ಎಂದಿದ್ದರು ಅತ್ತೆ.

*

ಎಲ್ಲ ಮುಗಿಸಿ ಮರಳುವಷ್ಟರಲ್ಲಿ ಕತ್ತಲಾಗಿತ್ತು. ಸೊಸೆ ಕುರ್ಚಿಯನ್ನು ಮತ್ತೆ ಮೇಲಕ್ಕೆ ಹೊತ್ತಳು. "ಹುಡುಗಿಗೇನು ತಲೆ ಕೆಟ್ಟಿದೆಯಾ?" ಎಂದರು ಚಿಕ್ಕತ್ತೆ. ಹಿಂದೆಯೇ ಗಂಡ ಟಾರ್ಚ್ ಹಿಡಿದು ಬಂದ.

"ಆರಿಸಿ ಅದನ್ನ. ಅತ್ತೆಗೆ ಕತ್ತಲಲ್ಲಿ ಕಣ್ಣು ಕಾಣ್ತಿರಲಿಲ್ವಂತೆ. ನಿಮಗೆ ಗೊತ್ತಿತ್ತಾ?"

"ಏನಂದೆ?" ಅವನ ಕೈಯಿಂದ ಟಾರ್ಚ್ ಜಾರಿ ಬಿದ್ದು, ತಾನಾಗಿಯೇ ಆರಿತು. "ಮತ್ತೆ ಇಷ್ಟು ದಿನ ಇಲ್ಲಿ ಏನು ನೋಡ್ತಿದ್ರು?"

ಅವಳು ಅತ್ತೆಯ ಕುರ್ಚಿಯಲ್ಲಿ ಒರಗಿ ಕಣ್ಣು ಬಿಗಿಯಾಗಿ ಮುಚ್ಚಿದಳು. ಪಕ್ಕದ ಕುರ್ಚಿ ಕಿರುಗುಟ್ಟಿತು.

"ಹೇಳಿ, ಮೇಲೇನು ಕಾಣ್ತಿದೆ?"

"ನಂಗೆ ಅದೆಲ್ಲ ಎಲ್ಲಿ ಗೊತ್ತಾಗತ್ತೆ..." ಅವನು ತಡವರಿಸಿದ. "ಮೂರು ಚುಕ್ಕಿ ಸಾಲಾಗಿವೆ. ಆಚೆ ಒಂದು... ಕೆಂಪಗಿದೆ."

ಅವಳು ಕತ್ತಲಲ್ಲಿ ಅವನ ಕೈಗಾಗಿ ತಡಕಾಡಿದಳು.

"ಎಷ್ಟು ಕೆಂಪು?"