ಸ್ಕ್ರೂ ಮಾವನ ಕೋಪ

ಸ್ಕ್ರೂ ಮಾವನನ್ನು ಮನೆಗೆ ಕರೆದವರು, ಅವರು ಹೋದ ಮೇಲೆ ಬಾಗಿಲುಗಳನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಕಳ್ಳರೆಂದು ಅವರನ್ನು ಕರೆಯುವಂತಿಲ್ಲ, ಏಕೆಂದರೆ ಒಂದನ್ನು ಬಿಚ್ಚಿದರೆ ಒಂದನ್ನು ಹಾಕಿಯೇ ಹೋಗುವುದು ಅವರ ನೇಮ; ಆದರೆ ಕೈತೊಳೆಯಲು ಹೋದವರು ಹೊರಬರುವುದು ತಡವಾಯಿತೆಂದರೆ, ಬಚ್ಚಲ ಬಾಗಿಲಿನ ಕೀಲಿನಲ್ಲಿ ಅಜ್ಜನ ಕಾಲದಿಂದ ಕೂತಿದ್ದ ಹಿತ್ತಾಳೆ ಸ್ಕ್ರೂಗಳು ಜೇಬು ಸೇರಿ, ಆ ಜಾಗದಲ್ಲಿ ಅಂಗಡಿಯ ಥಳಥಳಿಸುವ ಹೊಸವು ಬಂದವೆಂದೇ ಅರ್ಥ. ಒಮ್ಮೆ ಬೀಗರ ಮನೆಯಲ್ಲೇ ಸಿಕ್ಕಿಬಿದ್ದರು. "ಏನ್ ಮಾಡ್ತಿದ್ದೀರಿ ಬೀಗರೇ?" ಎಂದು ಬೀಗಿತಿ ಕಂಗಾಲಾಗಿ ಕೇಳಿದರೆ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮರೆಮಾಡುವ ಸೌಜನ್ಯವನ್ನೂ ತೋರದೆ, "ತಪ್ಪು ನಿಮ್ದು. ಇಂಥಾ ಮಾಲನ್ನ ಬಚ್ಚಲಲ್ಲಿ ಕೊಳೆಸೋಕೆ ಮನಸ್ಸಾದ್ರೂ ಹೇಗೆ ಬಂತು?" ಎಂದು ಅವರನ್ನೇ ಗದರಿದರು. ಕಳ್ಳನಿಗೊಂದು ಪಿಳ್ಳೆ ನೆವ ಎಂದು ಬೀಗಿತಿ ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ.

ಓಬೀರಾಯನ ಕಾಲದ ಮೋಟಾರುಗಳನ್ನು ಅವು ಹುಟ್ಟಿದ ರೂಪಕ್ಕೆ ಮರಳಿಸುವುದು ಅವರ ಕಸುಬು. ಬೇಸಿಗೆಯಲ್ಲೂ ಬಿಡದ ಕಂದುಬಣ್ಣದ ದಪ್ಪ ಕೋಟೊಂದು ಅವರ ಮೈಮೇಲೆ; ಅದರ ಬಲಜೇಬಿನಲ್ಲಿ ಸ್ಕ್ರೂ, ಬೋಲ್ಟು, ನಟ್ಟು, ವಾಷರುಗಳ ಭಾರ. ಆ ಭಾರಕ್ಕೆ ಬಲಭುಜ ಇಳಿದು, ಅದನ್ನು ಸರಿದೂಗಿಸಲು ತಲೆ ಎಡಕ್ಕೆ ವಾಲಿ, ಅವರು ನಡೆದು ಬರುತ್ತಿದ್ದರೆ ಯಾವುದೋ ಅದೃಶ್ಯ ಕಿಟಕಿಯೊಳಗೆ ಇಣುಕುತ್ತ ಬರುವಂತೆ ಕಾಣುತ್ತಿತ್ತು. ಅವರು ಬಂದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಯಾವ ಮಾತಿಗೂ ಮೊದಲು "ತಪ್ಪು" ಎನ್ನುವುದು ಅವರ ಅಭ್ಯಾಸ. ಎದುರಿನವರು ಇನ್ನೂ ಬಾಯಿ ತೆರೆದಿರುವುದಿಲ್ಲ, ಆಗಲೇ ತಪ್ಪಾಗಿರುತ್ತದೆ. ಅವರ ತಲೆಯದೇ ಒಂದು ಸ್ಕ್ರೂ ಸಡಿಲವೆಂಬ ತಮಾಷೆಯನ್ನು ಬೀದಿಯವರೆಲ್ಲ ಮಾಡಿ ಮಾಡಿ ಸವೆಸಿದ್ದರು.

ಅವರ ಪರಮ ವೈರಿ ಸ್ಟಾರ್ ಸ್ಕ್ರೂ. ತಲೆಯ ಮೇಲೆ ಒಂದೇ ಗೀರು ಇರಬೇಕಾದ ಕಾಲದ ಗಾಡಿಯಲ್ಲಿ, ಗೀರಿನ ಮೇಲೆ ಗೀರು ಅಡ್ಡಬಿದ್ದ ಸ್ಟಾರ್ ಸ್ಕ್ರೂ ಕಂಡರೆ ಅವರ ಪಿತ್ತ ನೆತ್ತಿಗೇರುತ್ತಿತ್ತು. "ಒಳಗಡೆ ಇರೋದು ಮಾವ, ಯಾರು ನೋಡ್ತಾರೆ?" ಎಂದ ಟಿಂಕರಿಂಗ್‌ನವನೊಬ್ಬನಿಗೆ, "ತಪ್ಪು. ಯಾರೂ ನೋಡಲ್ಲ ಅಂತ ನೀನು ಒಳಚಡ್ಡಿ ಹಾಕ್ಕೊಳೋದು ಬಿಟ್ಟಿದ್ದೀಯಾ?" ಎಂದು ಬೀದಿಗೆಲ್ಲ ಕೇಳುವಂತೆ ಬೈದಿದ್ದರು. ಅವರ ಹೆಂಡತಿ ಮಾತ್ರ ಈ ಕೋಪಾಗ್ನಿಯ ಪಕ್ಕದಲ್ಲೇ ಕೂತು ತಣ್ಣಗೆ ತರಕಾರಿ ಹೆಚ್ಚಬಲ್ಲ ಸಾಧ್ವಿ. "ನಂಗೂ ತಲೆ ಮೇಲೆ ಇನ್ನೊಂದು ಗೀರು ಇದ್ದಿದ್ರೆ ಇವ್ರು ನನ್ನ ಮನೆಗೇ ಸೇರಿಸ್ತಿರ್ಲಿಲ್ಲ" ಎನ್ನುತ್ತಿದ್ದರು ಆಕೆ.

ಇಷ್ಟೆಲ್ಲ ಹಟದ ಹಿಂದೆ ಒಂದೇ ಒಂದು ಆಸೆಯಿತ್ತು. ಅವರ ತಂದೆ ಒಂದು ಶ್ರೀಮಂತ ಮನೆಯಲ್ಲಿ ಡ್ರೈವರಾಗಿದ್ದವರು. ಆಯುಷ್ಯವಿಡೀ ಒಂದೇ ಕಾರನ್ನು ಓಡಿಸಿ, ತೊಳೆದು, ಒರೆಸಿ ತೀರಿಕೊಂಡವರು. ಆ ಕಾರು ಎಂದಾದರೂ ತನ್ನ ಕೈಗೆ ಬರಬೇಕು, ಹಳೆಯ ಕಾರುಗಳ ಪ್ರದರ್ಶನದಲ್ಲಿ ಅದಕ್ಕೆ 'ಕಾರ್ಖಾನೆಯಿಂದ ಹೊರಟಂತೆಯೇ ಇದೆ' ಎಂಬ ಪ್ರಮಾಣಪತ್ರ ಸಿಗಬೇಕು, ಅಪ್ಪನ ಗಾಡಿಗೆ ಅಂಥ ಗೌರವ ಕೊಡಿಸಿದ ಮೇಲೆಯೇ ತಾನು ಕೋಟು ಕಳಚಬೇಕು. ಆ ಕಾರಿನ ಬಾಗಿಲುಗಳ ಒಳಮೈಯಲ್ಲಿ ಮರದ ಪಟ್ಟಿಗಳಿದ್ದವು. ಅವುಗಳಿಗೆ ಬೇಕಾದದ್ದು ಉಬ್ಬುತಲೆಯ, ಒಂಟಿಗೀರಿನ ಹಿತ್ತಾಳೆ ಸ್ಕ್ರೂಗಳು. ಕಾರಿನ ಸುಳಿವೇ ಇಲ್ಲದ ಕಾಲದಿಂದಲೂ ಮಾವ ಅವನ್ನು ಕೂಡಿಹಾಕುತ್ತ ಬಂದರು. ಗುಜರಿ ಅಂಗಡಿಗಳ ರಾಶಿ ಕೆದಕಿದರು, ಮುಚ್ಚಿಹೋದ ಚಿತ್ರಮಂದಿರದ ಕುರ್ಚಿಗಳನ್ನು ಬಿಚ್ಚಿದರು, ಒಡೆದ ಪಿಯಾನೋ ಒಂದರ ಹೊಟ್ಟೆಯೊಳಗೆ ಕೈಹಾಕಿದರು. ತಲೆಯ ಉಬ್ಬು ಕೂದಲೆಳೆಯಷ್ಟು ಹೆಚ್ಚಿದ್ದರೂ ಅದು ಅವರಿಗೆ ಸಲ್ಲದು. ಬೀಗರ ಬಚ್ಚಲ ಬಾಗಿಲೂ ಈ ಯಾತ್ರೆಯ ಒಂದು ತೀರ್ಥವೇ ಆಗಿತ್ತು.

ಕೊನೆಗೆ ಕಾರು ಬಂತು. ಅದನ್ನು ಕೊಂಡಿದ್ದವನು ಟೈಲ್ಸ್ ವ್ಯಾಪಾರಿ. ಪ್ರಮಾಣಪತ್ರ ಬಂದರೆ ಅಂಗಡಿಯ ಮುಂದೆ ನಿಲ್ಲಿಸುವ ಉಮೇದು ಅವನದು. ಮಾವ ಬಾಗಿಲು ತೆರೆದವರೇ ಕೆಂಡಾಮಂಡಲವಾದರು. ಒಳಗಿನ ಸ್ಕ್ರೂಗಳ ಗೀರುಗಳೆಲ್ಲ ಕವಾಯತಿಗೆ ನಿಂತಂತೆ ಮೇಲಿನಿಂದ ಕೆಳಕ್ಕೆ ನೇರವಾಗಿ ನಿಂತಿದ್ದವು. ಸ್ಕ್ರೂ ಬಿಗಿಯುವಾಗ ಅದು ಎಲ್ಲಿ ಕಚ್ಚಿ ನಿಲ್ಲುತ್ತದೋ ಅಲ್ಲೇ ಗೀರು ನಿಲ್ಲಬೇಕು. ಒಂದು ಓರೆ, ಒಂದು ಅಡ್ಡ, ಕಾರ್ಖಾನೆಯಲ್ಲಿ ನಡೆಯುವುದು ಹಾಗೆಯೇ. ಅಂದಕ್ಕಾಗಿ ಗೀರು ನೇರ ಮಾಡುವವನು ಒಂದನ್ನು ಅತಿಯಾಗಿ ಬಿಗಿದಿರುತ್ತಾನೆ, ಇನ್ನೊಂದನ್ನು ಸಡಿಲ ಬಿಟ್ಟಿರುತ್ತಾನೆ. ಬಿಚ್ಚಿ ನೋಡಿದರೆ ಸಡಿಲವಾದವು ಅಲುಗದಿರಲೆಂದು ಅವುಗಳ ಮೈಗೆ ದಾರ ಬೇರೆ ಸುತ್ತಿತ್ತು. ತಿರುಗಿಸಿ ತಿರುಗಿಸಿ ಗೀರುಗಳೂ ಸವೆದು ಅಗಲವಾಗಿದ್ದವು. "ಯಾವ ಅಯೋಗ್ಯ ಕೈಯಾಡಿಸಿದಾನೋ! ಅಪ್ಪನ ಗಾಡೀನ ಹಾಳು ಮಾಡಿಟ್ಟಿದ್ದಾನೆ" ಎಂದು ಶಪಿಸುತ್ತ, ಅವನ್ನೆಲ್ಲ ದಾರದ ಸಮೇತ ಗುಜರಿ ಡಬ್ಬಕ್ಕೆ ಎಸೆದರು. ತಾವು ಕೂಡಿಟ್ಟ ಸ್ಕ್ರೂಗಳನ್ನು ಹಾಕಿ, ಗೀರುಗಳನ್ನು ಅವುಗಳ ಪಾಡಿಗೆ ನಿಲ್ಲಲು ಬಿಟ್ಟರು.

ಕೆಲಸ ಮುಗಿದಾಗ ಅಪ್ಪನ ಗಾಡಿ ತೋರಿಸಲು ಅಕ್ಕನನ್ನು ಕರೆತಂದರು. ಚಿಕ್ಕಂದಿನಲ್ಲಿ ಅಪ್ಪನಿಗೆ ಊಟದ ಡಬ್ಬಿ ಒಯ್ಯುತ್ತಿದ್ದವಳು ಆಕೆ; ಮಾವ ಆಗಿನ್ನೂ ಕೈಗೂಸು, ಆ ಗಾಡಿಯೊಳಗೆ ಕೂತವರೇ ಅಲ್ಲ. ಅಕ್ಕ ಬಾಗಿಲ ಒಳಗನ್ನು ಬಹಳ ಹೊತ್ತು ನೋಡಿದಳು.

"ಗೀರೆಲ್ಲ ಸೊಟ್ಟ ಯಾಕೋ? ಅಪ್ಪ ನೇರ ಇಟ್ಟಿದ್ರಲ್ಲ."

"ತಪ್..." ಎಂದು ಶುರುಮಾಡಿದ ಮಾವ ಬಾಗಿಲ ಕಡೆಗೆ ತಿರುಗಿದರು.

"ಆ ಮನೆ ಯಜಮಾನಂಗೆ ಒಂದು ಚಟ" ಎಂದಳು ಅಕ್ಕ. "ಹಿತ್ತಾಳೆ ಉಜ್ಜಿದ ಪಾಲಿಶ್ ಗೀರಲ್ಲಿ ಬೆಳ್ಳಗೆ ಒಣಗಿರತ್ತಲ್ಲ, ಅದನ್ನ ಉಗುರಲ್ಲಿ ಕೆರೆದು ತೆಗೆದು, ಬಂದ ನೆಂಟರ ಮುಂದೆ ಅಪ್ಪನ ಮೂಗಿನ ಹತ್ರ ಹಿಡಿಯೋನು. ಇದೇ ಏನೋ ನೀನು ಒರೆಸಿದ್ದು ಅಂತ. ಎಲ್ಲಾ ನೇರ ಇದ್ರೆ ಬಟ್ಟೆ ಒಂದೇ ಸಲಕ್ಕೆ ಮೇಲಿಂದ ಕೆಳಗೆ ಎಳೀಬಹುದು ಅಂತ ಅಪ್ಪ ಹಾಗೆ ಮಾಡ್ಕೊಂಡಿದ್ರು. ಅಮ್ಮನ ಹೊಲಿಗೆ ಡಬ್ಬಿಯಿಂದ ದಾರ ಒಯ್ದು ಕೊಡ್ತಿದ್ದೋಳು ನಾನೇ."

ಮಾವ ಕೋಟನ್ನೂ ಮರೆತು ಗುಜರಿಯವನ ಅಂಗಡಿಗೆ ಓಡಿದರು. ಹಿತ್ತಾಳೆಯೆಲ್ಲ ಆಗಲೇ ಕುಲುಮೆಗೆ ಹೋಗಿ ಕರಗಿತ್ತು. ಊರಿನ ಕೀಲು ಕೀಲುಗಳನ್ನೂ ಜಾಲಾಡಿದ ಮನುಷ್ಯ, ತಂದೆಯ ಬೆರಳು ದಿನವೂ ಮುಟ್ಟಿದ್ದ ಸ್ಕ್ರೂಗಳನ್ನು ತಾನೇ ಎಸೆದಿದ್ದ. ಆ ಯಜಮಾನನ ಮೇಲೆ ರೋಷ ಉಕ್ಕಿತು, ಆದರೆ ಅವನು ಸತ್ತು ಬೂದಿಯಾಗಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ತಮ್ಮ ಮೇಲಿನ ಕೋಪ, ಅದನ್ನು ಯಾರ ಮೇಲೂ ಹಾಯಿಸುವಂತಿರಲಿಲ್ಲ. ಮನೆಗೆ ಬಂದವರು ಹೆಂಡತಿಯಿಂದ ದಾರದುಂಡೆ ಕೇಳಿ ಪಡೆದು ಮತ್ತೆ ಕಾರಿನೊಳಗೆ ಕೂತರು.

ಪ್ರದರ್ಶನದ ದಿನ ತೀರ್ಪುಗಾರ ಬಾಗಿಲು ತೆರೆದು ಟಾರ್ಚು ಹಾಯಿಸಿದ. ಗೀರುಗಳೆಲ್ಲ ನೇರವಾಗಿದ್ದವು. ಸ್ಕ್ರೂ ಆ ಕಾಲದ್ದೇ, ಗೀರು ನೇರ ಮಾಡಿದ್ದು ಮಾತ್ರ ಕಾರ್ಖಾನೆಯ ಪದ್ಧತಿಯಲ್ಲ ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಟೈಲ್ಸ್ ವ್ಯಾಪಾರಿ ಹಲ್ಲು ಕಚ್ಚಿ, "ಐದು ನಿಮಿಷದ ಕೆಲಸ ಮಾವ, ಓರೆ ಮಾಡ್ಬಿಡಿ. ಅವ್ರು ಕಾಯ್ತಾರಂತೆ" ಎಂದ. ಮಾವ ಬಾಗಿಲಿಗೆ ಅಡ್ಡ ನಿಂತು ತೀರ್ಪುಗಾರನತ್ತ ತಿರುಗಿದರು.

"ಕಾರ್ಖಾನೆಯೋರು ಇದನ್ನ ಮುಟ್ಟಿದ್ದು ಒಂದು ದಿನ" ಎಂದರು. "ನಮ್ಮಪ್ಪ ಸಾಯೋತನಕ ಮುಟ್ಟಿದ್ದಾರೆ. ನೀವು ಯಾರ ಕೆಲಸಕ್ಕೆ ಸರ್ಟಿಫಿಕೇಟು ಕೊಡೋಕೆ ಬಂದಿದ್ದೀರಿ?"

ತೀರ್ಪುಗಾರ ಅಂಕ ಕಳೆದು ಮುಂದಿನ ಕಾರಿಗೆ ಹೋದ. ವ್ಯಾಪಾರಿ ಮಾವನೊಡನೆ ಮಾತು ಬಿಟ್ಟ.

ಹಳೆಯದನ್ನು ಹುಟ್ಟಿದ ಹಾಗೆಯೇ ನಿಲ್ಲಿಸುತ್ತೇವೆಂದು ಹೊರಡುವ ಈ ಹಟಮಾರಿಗಳ ಕುಲ ಎಲ್ಲ ಊರುಗಳಲ್ಲೂ ಇದೆ. ಅಳತೆ ತಪ್ಪಿತೆಂದು, ಕಾಲ ಕೆಟ್ಟಿತೆಂದು ಎಲ್ಲರ ಮೇಲೂ ಹರಿಹಾಯುತ್ತ ಅವರು ಬದುಕುತ್ತಾರೆ, ಅವರ ಸಿಡುಕು ಕಂಡು ನಾವು ನಗುತ್ತೇವೆ. ವಸ್ತುವೊಂದು ಮಾಡಿದವರ ಕೈಯಿಂದ ಹೊರಟ ಮೇಲೆ ಅದನ್ನು ಒರೆಸಿ, ಬೈಸಿಕೊಂಡು, ತಲೆತಗ್ಗಿಸಿ ಕಾಯ್ದವರ ಕೈಗಳಿಗೆ ನಮ್ಮ ಯಾವ ಪ್ರಮಾಣಪತ್ರದಲ್ಲೂ ಜಾಗವಿಲ್ಲ. ಅದು ತಿಳಿದ ದಿನದಿಂದ ಈ ಜನರ ಕೋಪ ನಗೆಪಾಟಲಿನದಾಗಿ ಉಳಿಯುವುದಿಲ್ಲ. ನಿಜ ಹೇಳಬೇಕೆಂದರೆ, ಅಂಥ ಕೋಪ ನಮ್ಮಲ್ಲಿ ಇನ್ನಷ್ಟು ಮಂದಿಗೆ ಬರಬೇಕಾಗಿತ್ತು.