ದಡ್ಡಿಗೆ ಹೋದ ಸುದ್ದಿ

ಸಾತಪ್ಪ ತಂದೆಯ ಗದ್ದಕ್ಕೆ ಬಟ್ಟೆಯ ಪಟ್ಟಿ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕುತ್ತಿದ್ದಾಗ, ಬಾಗಿಲಲ್ಲಿ ನಿಂತಿದ್ದ ಯಲ್ಲಾರಿ ಕೇಳಿದ.

"ದಡ್ಡಿಗೆ ಯಾರ್ನ ಕಳಸ್ತಿ?"

ಗಂಟು ಸಡಿಲಾಯಿತು. ಸಾತಪ್ಪ ಅದನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ.

ಸತ್ತವನ ಒಬ್ಬಳೇ ಮಗಳು ಸಾವಂತ್ರೆವ್ವ ಇದ್ದದ್ದು ದಡ್ಡಿ ಎಂಬ ಊರಲ್ಲಿ. ಬೇಸಿಗೆಯ ದಿನ, ಹೆಣವನ್ನು ಇಳಿಹೊತ್ತಿನ ಆಚೆಗೆ ಇಡುವಂತಿರಲಿಲ್ಲ. ಮಗಳು ಬಂದು ಮುಖ ನೋಡುವ ತನಕ ಮಣ್ಣು ಹಾಕಬಾರದು ಎಂದು ಗಂಡನ ಕಾಲ ಬಳಿ ಕೂತ ಕೆಂಪವ್ವ ಬೆಳಗಿನಿಂದ ಹೇಳುತ್ತಿದ್ದಳು. ಬೇರೆ ಏನನ್ನೂ ಅವಳು ಹೇಳಿರಲಿಲ್ಲ.

ಸತ್ತ ಹೊಳೆಪ್ಪ ಬದುಕಿನುದ್ದಕ್ಕೂ ಮಾಡಿದ ಕೆಲಸ ಇದೇ ಆಗಿತ್ತು. ಊರಲ್ಲಿ ಯಾರು ಸತ್ತರೂ ಅವರ ನೆಂಟರ ಊರಿಗೆ ಸುದ್ದಿ ಒಯ್ಯುವುದು ಅವನ ಮನೆತನದ ಪಾಲಿಗೆ ಬಂದಿತ್ತು. ಮೇಲೋಣಿಯಲ್ಲಿ ಅಳು ಎದ್ದರೆ ಕೇರಿಯಲ್ಲಿ ಅವನು ಕೋಲು ಹುಡುಕುತ್ತಿದ್ದ. ಹುಕ್ಕೇರಿ, ಮೂಡಲಗಿ, ಹೊಳೆ ದಾಟಿ ಕೊಣ್ಣೂರ. ಆ ಊರುಗಳ ಓಣಿಯ ತಿರುವಿನಲ್ಲಿ ಅವನು ಕಂಡರೆ ಹೆಂಗಸರು ಕಸಬರಿಗೆ ಕೆಳಗಿಟ್ಟು, ಯಾರ ಮನೆಗೆ ಬಂದನೋ ಎಂದು ನೋಡುತ್ತ ನಿಲ್ಲುತ್ತಿದ್ದರು.

ಈಗ ಅವನ ಸುದ್ದಿ ಒಯ್ಯುವವರು ಯಾರೂ ಇರಲಿಲ್ಲ. ಕೇರಿಯವರೆಲ್ಲ ಹುಕ್ಕೇರಿಯಲ್ಲಿ ಬುದ್ಧನ ಧರ್ಮಕ್ಕೆ ಸೇರಿದ ದಿನ ಸಾತಪ್ಪನೇ ಎದ್ದು ನಿಂತು ಎಲ್ಲರಿಂದ ಆಣೆ ಮಾಡಿಸಿದ್ದ: ಸತ್ತ ದನ ಎಳೆಯುವುದಿಲ್ಲ, ಹಲಗೆ ಬಾರಿಸುವುದಿಲ್ಲ, ಸಾವಿನ ಸುದ್ದಿ ಒಯ್ಯುವುದಿಲ್ಲ. ಹೊಳೆಪ್ಪನೂ ಕೈ ಎತ್ತಿದ್ದ. ಮನೆಗೆ ಬಂದು ಕೋಲನ್ನು ಸೂರಿಗೆ ಸಿಕ್ಕಿಸಿದ್ದ. ಅದು ಇನ್ನೂ ಅಲ್ಲೇ ಇತ್ತು.

ಪಕ್ಕದ ಮನೆಯ ಹಣಮಂತ ತಾನು ಹೋಗಿಬರುತ್ತೇನೆಂದ. ನಮ್ಮ ಕೇರಿಯ ಸಾವನ್ನು ನಮ್ಮವರಿಗೆ ಹೇಳಿದರೆ ಆಣೆ ಮುರಿದಂತೆ ಹೇಗಾದೀತು ಎಂದು ಅವನ ವಾದ.

"ಮೇಲೋಣಿಯವರ ಸಾವು ಅಂತ ಅಂದಿದ್ವೇನು?" ಎಂದ ಯಲ್ಲಾರಿ. "ಸಾವಿನ ಸುದ್ದಿ ಅಂದಿದ್ವಿ. ಬುದ್ಧನ ಮುಂದ ಅಂದದ್ದು."

"ಅಸ್ಪೃಶ್ಯತಾ ಕಾಯ್ದೇದಾಗ ಹಂಗಿಲ್ಲ," ಎಂದ ಹಣಮಂತ. "ಒತ್ತಾಯ ಮಾಡಬಾರದು ಅಂತ ಐತಿ. ಒಯ್ಯಬಾರದು ಅಂತಿಲ್ಲ."

"ಕಾಯ್ದೇಗ ಯಾರು ಕೈ ಎತ್ತ್ಯಾರೋ? ಇವತ್ತ ನೀ ಹೋಗು. ನಾಳೆ ಗೌಡ್ರ ಮನೀ ಆಳ ಬಂದು, ನಿನ್ನೆ ಹೋಗಿದ್ದಿಯಲ್ಲಾ, ಬಾ ಅಂತಾನ. ಆವಾಗ ಏನ್ ಅಂತಿ?"

ಇಬ್ಬರೂ ಸಾತಪ್ಪನ ಕಡೆ ನೋಡಿದರು. ಸಾತಪ್ಪನಿಗೆ ಇಬ್ಬರ ಮಾತೂ ಸರಿ ಎನಿಸಿತು. ತಾನೇ ಹೋಗಿಬಿಡಬಹುದಿತ್ತು. ಆದರೆ ಸತ್ತ ಮನೆಯವರು ತಮ್ಮ ಸುದ್ದಿಯನ್ನು ತಾವೇ ಒಯ್ಯಬಾರದೆಂಬುದು ಇನ್ನೊಂದು ಹಳೆಯ ನೇಮ. ಹಳೆಯದನ್ನೆಲ್ಲ ಬಿಟ್ಟೆನೆಂದು ಹೇಳಿಕೊಂಡವನಿಗೆ ಇದೊಂದನ್ನು ಬಿಡಲು ಕಾಲು ಏಳುತ್ತಿರಲಿಲ್ಲ. ಯಾಕೆಂದು ಅವನಿಗೇ ತಿಳಿಯಲಿಲ್ಲ.

ಅಂಗಳದಾಚೆ ಜಾಲಿಯ ಗಿಡದ ಕೆಳಗೆ ಮೇಲೋಣಿಯ ಮುರಿಗೆಪ್ಪ ಸೈಕಲ್ಲು ಹಿಡಿದು ನಿಂತಿದ್ದ. ತೋಟಕ್ಕೆ ಹೊರಟವನು ಸುದ್ದಿ ಕೇಳಿ ಇಲ್ಲಿಯವರೆಗೆ ಬಂದಿದ್ದ, ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಅವನು ಅಲ್ಲಿ ಇದ್ದಾನೆಂಬುದನ್ನು ಎಲ್ಲರೂ ಮರೆತಿದ್ದರು.

"ನಾ ಹೋಗತೇನಿ ದಡ್ಡಿಗೆ," ಎಂದ.

ಲಿಂಗಾಯತರ ಹಿರಿಯನೊಬ್ಬ ಕೇರಿಯ ಸಾವನ್ನು ಕೇರಿಗೆ ಮುಟ್ಟಿಸುವುದು ಯಾವ ಲೆಕ್ಕಕ್ಕೆ ಸೇರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಕೆಂಪವ್ವ ಮಾತ್ರ ತಲೆ ಎತ್ತಿದಳು.

"ನಿಮಗ ಹೇಳಾಕ ಬರತೈತೇನ್ರಿ, ಯಪ್ಪಾ?"

*

ಮುರಿಗೆಪ್ಪನ ತಾಯಿ ಕಾಶೆವ್ವ ಸತ್ತದ್ದು ಶ್ರಾವಣದಲ್ಲಿ. ಆಗ ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಹೊಳೆ ದಡ ತುಂಬಿ ಹರಿಯುತ್ತಿತ್ತು. ಅಕ್ಕ ಶಿವವ್ವ ಕೊಣ್ಣೂರದಲ್ಲಿದ್ದಳು. ಹೊಳೆಪ್ಪ ಹರಗೋಲಿನಲ್ಲಿ ದಾಟಿ ಹೋಗಿ, ಅವಳನ್ನು ಕರೆದುಕೊಂಡು, ಸಮಾಧಿಯ ಕುಣಿಯಲ್ಲಿ ತಾಯಿಯನ್ನು ಕೂರಿಸುವ ಮೊದಲೇ ಮುಟ್ಟಿಸಿದ್ದ.

ಅಕ್ಕ ಆಮೇಲೆ ಒಂದು ಮಾತು ಹೇಳಿದ್ದಳು. ನೆನೆದು ನಡುಗುತ್ತಿದ್ದ ಹೊಳೆಪ್ಪನಿಗೆ ತಾನು ಬಿಸಿನೀರು ತಂದಾಗ ಅವನು ಬೇಡವೆಂದು ತಲೆ ಅಲ್ಲಾಡಿಸಿದನಂತೆ. ಅದನ್ನು ನೋಡಿಯೇ ಅವ್ವ ಹೋದದ್ದು ತನಗೆ ತಿಳಿಯಿತಂತೆ.

ಆಮೇಲೊಂದು ದಿನ ಹೊಲದ ಬದುವಿನ ಮೇಲೆ ಮುರಿಗೆಪ್ಪ ಹೊಳೆಪ್ಪನನ್ನು ಕೇಳಿದ್ದ, ಆ ದಿನ ನೀರು ಯಾಕೆ ಕುಡಿಯಲಿಲ್ಲವೆಂದು.

"ನೇಮ ಐತ್ರಿ. ಓಣಿ ಬಾಯಾಗ ಚಪ್ಪಲ ಬಿಡಬೇಕು. ಕುಂದರಬಾರದು. ನೀರು ಕುಡಿಬಾರದು."

"ಯಾರ ಮಾಡಿದ್ದು?"

"ಯಾರಿಗ್ಗೊತ್ತರಿ." ಹೊಳೆಪ್ಪ ನಕ್ಕಿದ್ದ. "ಕುಡದ್ರ ಹೇಳಾಕ ಮನಸ ಬರೂದಿಲ್ರಿ. ಅವರ ನೀರು ಕುಡದು ಅವರನ್ನ ಹೆಂಗ ಅಳಸೂದು?"

ಕಾಶೆವ್ವ ಸತ್ತ ದಿನ ಊರಿಗೆ ಬಂದ ಮೇಲೆ ಹೊಳೆಪ್ಪ ನೀರು ಕುಡಿದದ್ದು ಮುರಿಗೆಪ್ಪನ ಹಿತ್ತಲಲ್ಲಿ. ಸೊಂಟ ಬಾಗಿಸಿ, ಎರಡೂ ಕೈ ಜೋಡಿಸಿ ಬೊಗಸೆಯನ್ನು ಬಾಯಿಗೆ ಹಿಡಿದಿದ್ದ. ಮುರಿಗೆಪ್ಪ ತಂಬಿಗೆಯನ್ನು ಮೇಲೆತ್ತಿ, ತಾಗದಂತೆ, ಧಾರೆಯಾಗಿ ಹೊಯ್ದಿದ್ದ. ಮೊದಲಿನಿಂದಲೂ ಹಾಗೆಯೇ ಹೊಯ್ಯುತ್ತಿದ್ದರು. ಆ ನೇಮ ಯಾರು ಮಾಡಿದ್ದೆಂದು ಮುರಿಗೆಪ್ಪ ಕೇಳಿರಲಿಲ್ಲ.

*

ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ಕೂತಿದ್ದವರಿಗೆ ಸುದ್ದಿ ದಡ್ಡಿಗೆ ಹೊರಟ ಮುರಿಗೆಪ್ಪನಿಗಿಂತ ಮೊದಲೇ ಮುಟ್ಟಿತ್ತು.

"ಏನ್ ಮುರಿಗೆಪ್ಪ," ಎಂದ ಗುರುಲಿಂಗಪ್ಪ ಎಲೆಗೆ ಸುಣ್ಣ ಹಚ್ಚುತ್ತ, "ಹೊಳೆಪ್ಪನ ಮಿರಾಸು ಹಕ್ಕು ನಿನ್ನ ಹೆಸರಿಗೆ ಆತೇನು?"

ಕೂತವರು ನಕ್ಕರು. ಮುರಿಗೆಪ್ಪನೂ ಅವರೊಂದಿಗೆ ನಕ್ಕ. ದಾರಿಯುದ್ದಕ್ಕೂ ಆ ನಗು ಅವನ ಬಾಯಿಯಲ್ಲಿ ಹುಳಿಯಾಗಿ ಉಳಿಯಿತು. ಬಸವಣ್ಣನ ಮಾತಿನಲ್ಲಿ ಕುಲವಿಲ್ಲ ಎಂದು ಗುರುಲಿಂಗಪ್ಪ ಪ್ರತಿ ಸೋಮವಾರ ಮಠದ ಜಗಲಿಯ ಮೇಲೆ ಹೇಳುತ್ತಿದ್ದ. ಮುರಿಗೆಪ್ಪನೂ ತಲೆದೂಗುತ್ತಿದ್ದ. ಸೈಕಲ್ಲು ತುಳಿಯುತ್ತ ಮುರಿಗೆಪ್ಪ ಹೇಳಬೇಕಾದ ಮಾತನ್ನು ಹೊಂದಿಸಿಕೊಳ್ಳಲು ನೋಡಿದ. ನಿಮ್ಮಪ್ಪ ಹೋದ. ನಿಮ್ಮಪ್ಪಗ ಹೆಚ್ಚು ಕಡಿಮಿ ಆತು. ಯಾವುದೂ ನಿಲ್ಲಲಿಲ್ಲ.

ದಡ್ಡಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕೇರಿಯ ಓಣಿಯ ಬಾಯಲ್ಲಿ ಸೈಕಲ್ಲು ಗೋಡೆಗೆ ಒರಗಿಸಿ ಚಪ್ಪಲಿ ಬಿಟ್ಟ. ಕಾದ ಮಣ್ಣು ಅಂಗಾಲು ಸುಟ್ಟಿತು.

ಸಾವಂತ್ರೆವ್ವ ಹೊರಗೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತವರಿನ ಮೇಲೋಣಿಯವನನ್ನು ತನ್ನ ಮನೆಯ ಮುಂದೆ ಕಂಡು ಗಾಬರಿಯಿಂದ ಎದ್ದಳು. ಕಂಬಳಿ ತಂದು ಹಾಸಿದಳು. ಗಂಡ ಗೋಕಾಕದ ಗಿರಣಿಗೆ ಕೆಲಸಕ್ಕೆ ಹೋಗಿದ್ದಾನೆಂದು, ಏನಾದರೂ ಕೆಲಸವಿದ್ದರೆ ಶನಿವಾರ ಸಿಗುತ್ತಾನೆಂದು ಒಂದೇ ಉಸಿರಿಗೆ ಹೇಳಿದಳು.

"ಕುಂದರ್ರಿ."

"ಬ್ಯಾಡವ್ವಾ."

ಅವಳು ಒಳಗೆ ಹೋಗಿ ತಂಬಿಗೆಯನ್ನು ಬೂದಿ ಹಚ್ಚಿ ತಿಕ್ಕುವ ಸದ್ದು ಕೇಳಿಸಿತು. ಒಳಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಪಟ. ಅವಳು ಹೊಳೆಯುವ ತಂಬಿಗೆಯ ತುಂಬ ನೀರು ತಂದು ಮುಂದೆ ಹಿಡಿದಳು. ಮುರಿಗೆಪ್ಪನ ಗಂಟಲು ಒಣಗಿತ್ತು.

"ಬ್ಯಾಡ," ಎಂದ.

ತಂಬಿಗೆ ಅಲ್ಲೇ ನಿಂತಿತು. ಅವಳ ಮುಖದಲ್ಲಿದ್ದ ಗಡಿಬಿಡಿ ಹೋಗಿ ಇನ್ನೇನೋ ಬಂತು.

"ಈಗ ಕಾಯ್ದೆ ಬಂದೈತ್ರಿ," ಎಂದಳು ಮೆಲ್ಲಗೆ. "ನಮ್ಮ ಮನೀ ನೀರು ಕುಡದ್ರ ಯಾರೂ ಹಿಡಕೊಂಡು ಹೋಗೂದಿಲ್ಲ."

ಅವನು ಬಾಯಿ ತೆರೆದ. ಸುದ್ದಿ ಹೇಳುವುದಕ್ಕೆ ಮೊದಲು, ನೀನು ತಿಳಿದಂತಲ್ಲ ಎಂದು ಹೇಳಬೇಕೆನಿಸಿತು. ಅದನ್ನು ಹೇಳಿದರೆ ಸಾವನ್ನೂ ಹೇಳಬೇಕಾಗುತ್ತಿತ್ತು. ಸಾವು ಹೇಳುವವನ ಮಗಳು ಅವಳು. ಬೇಡವೆಂದ ನೀರಿನ ಅರ್ಥ ಹುಟ್ಟಿದಾಗಿನಿಂದ ಗೊತ್ತಿದ್ದವಳು. ಆದರೆ ಮೇಲೋಣಿಯವನು ಬೇಡವೆಂದ ನೀರಿಗೆ ಅವಳು ಕಂಡ ಅರ್ಥ ಒಂದೇ ಆಗಿತ್ತು.

ಅವಳು ತಂಬಿಗೆ ಕೆಳಗಿಡಲು ಬಾಗಿದಳು. ಆಗ ಅವನ ಬರಿಗಾಲು ಕಣ್ಣಿಗೆ ಬಿತ್ತು.

"ಚಪ್ಪಲ ಎಲ್ಲಿ ಬಿಟ್ರಿ?"

"ಓಣಿ ಬಾಯಾಗ."

ಅವಳು ಬಾಗಿದಲ್ಲೇ ಉಳಿದಳು. ತಂಬಿಗೆಯನ್ನು ನೆಲಕ್ಕಿಟ್ಟು, ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು.

"ಅಪ್ಪನೋ, ಅವ್ವನೋ?"

*

ಬಸ್ಸಿಗೆ ಕಾದರೆ ಹೊತ್ತು ಮೀರುತ್ತಿತ್ತು. ಸೈಕಲ್ಲಿನ ಹಿಂದೆ ಕುಂದರು ಎಂದು ಮುರಿಗೆಪ್ಪ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವನು ಸೈಕಲ್ಲು ತಳ್ಳಿಕೊಂಡು ನಡೆದ. ಅವಳು ಹಿಂದೆ, ಸೆರಗು ಬಾಯಿಗೆ ಒತ್ತಿಕೊಂಡು. ಅಳು ಕೇಳಿ ಸೇರಿದ ನೆರೆಯವರ ನಡುವೆ ಚಪ್ಪಲಿಯನ್ನು ಮರೆತು ಬಂದದ್ದು ಹತ್ತಿರವಾಗುವ ಹೊಲದ ದಾರಿ ಹಿಡಿದ ಮೇಲೆ ಅವನಿಗೆ ಗೊತ್ತಾಯಿತು. ತಿರುಗಿ ಹೋಗಲಿಲ್ಲ.

ಕಬ್ಬಿನ ಹೊಲ ದಾಟಿದ ಮೇಲೆ ಅವಳ ದನಿ ಬಂತು.

"ನೀರು ಬ್ಯಾಡ ಅಂದ್ರಲ್ಲಾ. ಅದು ಅದಕ್ಕೋ, ಇದಕ್ಕೋ?"

ಅವನಿಗೆ ಪ್ರಶ್ನೆ ತಿಳಿಯಿತು. ಸಾವಿನ ನೇಮಕ್ಕೆ, ಜಾತಿಗಲ್ಲ ಎಂದು ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಲಗ್ನದ ಕರೆ ಒಯ್ದಿದ್ದರೆ ಕುಡಿಯುತ್ತಿದ್ದೆನೇ ಎಂದು ಯೋಚಿಸಿದ. ಹೊಳೆಯುವ ತಂಬಿಗೆ ಕಣ್ಣ ಮುಂದೆ ಬಂತು. ಆಗ ತನ್ನ ಕೈ ಮೇಲೇಳದಂತೆ ಹಿಡಿದದ್ದು ಯಾವುದೆಂದು ಎಷ್ಟು ಹುಡುಕಿದರೂ ಕಾಣಲಿಲ್ಲ. ಎರಡೂ ಬಹಳ ದಿನದಿಂದ ಒಂದೇ ಕೈಯಲ್ಲಿದ್ದವು.

"ಗೊತ್ತಿಲ್ಲವ್ವಾ," ಎಂದ.



*

ಕೇರಿಯಲ್ಲಿ ಬೇರೊಂದು ಜಗ್ಗಾಟ ನಡೆದಿತ್ತು. ಹಲಗೆ ಇಲ್ಲದೆ ಹೆಣ ಎತ್ತುವುದು ನಾಯಿಯನ್ನು ಎಳೆದಂತೆ ಎಂದು ಮುದುಕಿಯರು. ಹಲಗೆಯ ಆಣೆ ಮುರಿಯುವುದಿಲ್ಲ ಎಂದು ಯಲ್ಲಾರಿ. ಸುಡಬೇಕೋ ಹೂಳಬೇಕೋ ಎಂಬುದನ್ನು ಹುಕ್ಕೇರಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಸಾತಪ್ಪ ಕುಣಿ ತೋಡಿಸಿ ಸುಮ್ಮನಾಗಿದ್ದ.

ಅಕ್ಕ ಸಾವಂತ್ರೆವ್ವ ಅಂಗಳಕ್ಕೆ ಬಂದದ್ದು ಕಂಡು ಅವನು ತಂದೆಯ ಗದ್ದದ ಪಟ್ಟಿ ಬಿಚ್ಚಿದ. ಸಾವಂತ್ರೆವ್ವ ಮುಖದ ಬಳಿ ಕೂತು ಅಪ್ಪನ ಮೀಸೆಗೆ ಅಂಟಿದ್ದ ದಾರದ ಎಳೆಯೊಂದನ್ನು ತೆಗೆದಳು. ಕೆಂಪವ್ವ, "ಬಂದಳ ನೋಡು," ಎಂದು ಗಂಡನಿಗೆ ಹೇಳಿದಳು. ಆಮೇಲೆ ಎತ್ತಿದರು.

ಕುಣಿಯ ಮುಂದೆ ಸಾತಪ್ಪ ಬುದ್ಧನಿಗೆ ಶರಣು ಹೋಗುವ ಮಾತುಗಳನ್ನು ಹೇಳಿಸಿದ. ಎರಡನೆಯ ಸಾಲಿನಲ್ಲಿ ತಡವರಿಸಿ ಮೊದಲನೆಯದನ್ನೇ ಮತ್ತೆ ಹೇಳಿದ. ಎಲ್ಲರೂ ಅದನ್ನೇ ಹೇಳಿದರು. ಕೆಂಪವ್ವ ಸೂರಿನಿಂದ ತೆಗೆದು ತಂದಿದ್ದ ಕೋಲನ್ನು ಯಾರನ್ನೂ ಕೇಳದೆ ಕುಣಿಯಲ್ಲಿ ಗಂಡನ ಪಕ್ಕಕ್ಕೆ ಇಳಿಸಿದಳು. ಅದು ಯಾವ ಶಾಸ್ತ್ರವೆಂದು ಯಲ್ಲಾರಿ ಕೇಳಲು ಹೊರಟವನು ಕೇಳಲಿಲ್ಲ.

ಮುರಿಗೆಪ್ಪ ದೂರದಲ್ಲಿ ನಿಂತಿದ್ದ. ಎಲ್ಲರೂ ಹಿಡಿ ಮಣ್ಣು ಹಾಕುವಾಗ ತಾನು ಹಾಕಬೇಕೋ ಬೇಡವೋ ತಿಳಿಯದೆ ಒಂದು ಹಿಡಿ ಎತ್ತಿಕೊಂಡಿದ್ದ. ಗುದ್ದಲಿ ಆಡತೊಡಗಿದ ಮೇಲೂ ಅದು ಮುಷ್ಟಿಯಲ್ಲೇ ಇತ್ತು. ಸದ್ದಿಲ್ಲದೆ ಕಾಲಬುಡದಲ್ಲಿ ಬಿಟ್ಟ.

ಮನೆಗೆ ಮರಳಿದವರು ಅಂಗಳದಲ್ಲಿ ಕೈಕಾಲು ತೊಳೆದರು. ಮುರಿಗೆಪ್ಪ ಬೆಳಗಿನ ಅದೇ ಜಾಲಿಯ ಗಿಡಕ್ಕೆ ಒರಗಿಸಿದ್ದ ಸೈಕಲ್ಲಿನ ಬಳಿ ಬಂದು ನಿಂತ. ಹೇಳಿ ಹೋಗಬೇಕೋ, ಹೇಳದೆ ಹೋಗಬೇಕೋ.

ಸಾವಂತ್ರೆವ್ವ ಮನೆಯೊಳಗಿಂದ ತಂಬಿಗೆ ಹಿಡಿದು ಬಂದಳು. ಅವಳ ಕಣ್ಣುಗಳು ಬಾತಿದ್ದವು. ಅಂಗಳದಲ್ಲಿದ್ದವರು ತೊಳೆಯುವುದನ್ನು ನಿಲ್ಲಿಸಿ ನೋಡಿದರು.

"ಈಗ ಸುದ್ದಿ ಹೇಳಿ ಮುಗೀತಲ್ರಿ," ಎಂದಳು.

ಯಾರಿಗೆ ಕೊಟ್ಟರೂ ಕೊಡುವಂತೆ, ಅವನ ಎದೆಯ ನೇರಕ್ಕೆ ತಂಬಿಗೆಯನ್ನು ಚಾಚಿದಳು.

ಅವನ ಕೈಗಳು ಅದಕ್ಕಿಂತ ಮೊದಲೇ ಮೇಲೆದ್ದಿದ್ದವು. ಒಂದಕ್ಕೊಂದು ಜೋಡಿಸಿಕೊಂಡು ಬೊಗಸೆಯಾಗಿ ಬಾಯಿಗೆ ಬಂದಿದ್ದವು. ಸೊಂಟ ಬಾಗಿತ್ತು. ತಂಬಿಗೆ ಮುಟ್ಟದಿರಲಿ ಎಂದೋ, ಹಿತ್ತಲಲ್ಲಿ ಬಾಗಿ ನಿಲ್ಲುತ್ತಿದ್ದ ಹೊಳೆಪ್ಪನಂತೆ ನಿಲ್ಲಬೇಕೆಂದೋ ತಿಳಿಯದೆ ಅವನು ತನ್ನ ಕೈಗಳನ್ನೇ ನೋಡಿದ. ಅವಳೂ ನೋಡಿದಳು. ತಂಬಿಗೆ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು.

ಆಮೇಲೆ ಅವಳು ಅದನ್ನು ನಿಧಾನವಾಗಿ ಮೇಲೆತ್ತಿ ಹೊಯ್ದಳು. ನೀರು ಬೊಗಸೆ ತುಂಬಿ, ಮೊಣಕೈಗುಂಟ ಇಳಿದು, ಅವನ ಬರಿಗಾಲ ಮೇಲೆ, ದಡ್ಡಿಯಿಂದ ಅಂಟಿಕೊಂಡು ಬಂದ ಕೆಂಪು ಧೂಳಿನಲ್ಲಿ ಗೆರೆ ಗೆರೆಯಾಗಿ ಹರಿಯಿತು.